ಜನರೇಟರಿನ ಬಳಿ ಮಲಗುವವರಿಗೆ

ವಾಕಡ, ಹಿಂಜವಡಿ ಕಡೆಗೆ ಕಟ್ಟಡದ ಕೆಲಸಕ್ಕೆ ಬಂದ ನಮ್ಮವರಲ್ಲಿ ಅನೇಕರು ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಲಾರಿ ನಡೆಸುವವರು ಮುಂಬಯಿ–ಬೆಂಗಳೂರು ಹೆದ್ದಾರಿಯ ಬದಿಗೆ ಗಾಡಿ ನಿಲ್ಲಿಸಿ ಅದರಲ್ಲಿಯೇ ರಾತ್ರಿ ಕಳೆಯುತ್ತಾರೆ. ಕರೆಂಟು ಹೋದರೆ ಜನರೇಟರು, ಚಳಿಯಾದರೆ ಇದ್ದಿಲ ಶೆಗಡಿ. ಇವೆರಡರಲ್ಲಿಯೂ ಅಡಗಿರುವ ಅಪಾಯ ಒಂದೇ.

2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ, ರಸ್ತೆಯ ಬದಿಗೆ ನಿಲ್ಲಿಸಿದ್ದ ಕ್ಯಾರವಾನ್ ಗಾಡಿಯೊಳಗೆ ಇಬ್ಬರು ಸತ್ತಿದ್ದರು. ಜನರೇಟರಿನ ವಿಷಾನಿಲವು ಗಾಡಿಯೊಳಗೆ ನುಸುಳಿತ್ತೆಂದು ಕಲ್ಲಿಕೋಟೆಯ ಎನ್.ಐ.ಟಿ. ತಜ್ಞರ ಪರೀಕ್ಷೆಯಿಂದ ತಿಳಿದುಬಂತು. 2025ರ ನವೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ, ಕೋಣೆಯೊಳಗೆ ಇದ್ದಿಲ ಕೆಂಡವಿಟ್ಟು ಮಲಗಿದ ಮೂವರು ತರುಣರು ಮತ್ತೆ ಏಳಲಿಲ್ಲ.

ಕಾರಣವೇನು? ಪೆಟ್ರೋಲು, ಡೀಸೆಲು, ಇದ್ದಿಲು ಪೂರ್ತಿಯಾಗಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆದಿದ್ದರೂ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ಮುಟ್ಟುವುದಿಲ್ಲ. ಎಚ್ಚರವಿದ್ದವನಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು ಕಾಣಿಸಿಕೊಳ್ಳುತ್ತವೆ. ನಿದ್ದೆಯಲ್ಲಿದ್ದವನಿಗೆ ಇವು ತಿಳಿಯುವ ಮೊದಲೇ ಪ್ರಜ್ಞೆ ತಪ್ಪಬಹುದು.

ಆದುದರಿಂದ ಈ ನಿಯಮಗಳನ್ನು ನೆನಪಿಡಿರಿ:

1. ಜನರೇಟರನ್ನು ಕೋಣೆ, ಮೊಗಸಾಲೆ, ಗ್ಯಾರೇಜು, ಗಾಡಿ ಯಾವುದರೊಳಗೂ ನಡೆಸಬೇಡಿರಿ. ಕಿಟಕಿ ತೆರೆದರೆ ಸಾಕೆಂಬುದು ತಪ್ಪು ತಿಳುವಳಿಕೆ.

2. ಮಲಗುವ ಸ್ಥಳದಿಂದ ಕನಿಷ್ಠ 20 ಅಡಿ ದೂರ ಬಯಲಿನಲ್ಲಿಡಿರಿ. ಹೊಗೆಯ ಕೊಳವೆ ಬಾಗಿಲು, ಕಿಟಕಿಗಳ ಕಡೆಗೆ ಇರಬಾರದು. ಗಾಳಿ ತಿರುಗಿದರೆ ಹೊಗೆಯೂ ತಿರುಗುತ್ತದೆ. ಮಲಗುವ ಮುನ್ನ ಯಂತ್ರ ನಿಲ್ಲಿಸುವುದೇ ಉತ್ತಮ.

3. ಕಳ್ಳರ ಭಯದಿಂದ ಒಳಗೆ ತಂದಿಡಬೇಡಿರಿ. ಸರಪಳಿಯಿಂದ ಕಂಬಕ್ಕೆ ಬಿಗಿಯಿರಿ. ಮಳೆಗೆ ನಾಲ್ಕು ಬದಿಯೂ ತೆರೆದ ಚಪ್ಪರ ಸಾಕು.

4. ನಿಂತ ಲಾರಿಯಲ್ಲಿ ಎಂಜಿನ್ ಚಾಲೂ ಇಟ್ಟು ಮಲಗಬೇಡಿರಿ. ಶೆಗಡಿಯನ್ನು ಕೋಣೆಯೊಳಗೆ ತರಲೇಬೇಡಿರಿ. ಹೊಗೆಯಾಡದ ಕೆಂಡವೂ ಕೊಲ್ಲುತ್ತದೆ.

5. ಈ ಅನಿಲವನ್ನು ಗುರುತಿಸಿ ಕೂಗುವ ಅಲಾರಾಮು ಸಿಗುತ್ತದೆ. ಹೊಗೆಯ ಅಲಾರಾಮು ಬೇರೆ, ಇದು ಬೇರೆ, ಕೇಳಿ ಕೊಳ್ಳಿರಿ.

ಒಂದೇ ಕೋಣೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದರೆ, ಹೊರಗೆ ಹೋದೊಡನೆ ಕಡಿಮೆಯಾದರೆ, ಈ ವಿಷದ ಸಂಶಯವಿರಲಿ. ಎಲ್ಲರನ್ನೂ ಕೂಡಲೇ ಬಯಲಿಗೆ ತನ್ನಿರಿ. 108 ಅಥವಾ 112ಕ್ಕೆ ಫೋನು ಮಾಡಿರಿ. ಬೆರಳಿಗೆ ಹಾಕುವ ಆಕ್ಸಿಮೀಟರು ಸರಿಯಾದ ಅಂಕಿ ತೋರಿಸಿದರೂ ನಂಬಬೇಡಿರಿ. ಅದಕ್ಕೆ ಈ ವಿಷ ತಿಳಿಯದು. ಮಲಗಿ ಎದ್ದರೆ ಸರಿಹೋದೀತೆಂದು ಕಾಯದೆ ಆಸ್ಪತ್ರೆಗೆ ಒಯ್ದು, ಶುದ್ಧ ಆಮ್ಲಜನಕ ಕೊಡಿಸಬೇಕು.

ಶೆಡ್ಡಿನಲ್ಲಿ ಮಲಗುವವರು ಯಂತ್ರ ಎಲ್ಲಿರಬೇಕೆಂದು ತಾವೇ ತೀರ್ಮಾನಿಸಲಾರರು. ಅದು ಗುತ್ತಿಗೆದಾರರ ಹೊಣೆ. ನಾಲ್ಕು ಜನ ಕೂಡಿ ಕೇಳಿದರೆ ಮಾತಿಗೆ ಬೆಲೆ ಬರುತ್ತದೆ. ಕಚೇರಿಯಲ್ಲಿ ದುಡಿಯುವ ವಾಚಕರು ಅವರಿಗಾಗಿ ಒಂದು ಅರ್ಜಿ ಬರೆದುಕೊಡಬಹುದು. ಓದು ಬಾರದ ಗೆಳೆಯರಿಗೆ ಈ ಪಾಠವನ್ನು ಇಂದು ರಾತ್ರಿಯೇ ಓದಿ ಹೇಳಿರಿ.