ಮನೆಯ ಅಂತರಜಾಲ ಸಂಪರ್ಕ ಮತ್ತು ಐಪಿ ವಿಳಾಸದ ಬದಲಾವಣೆ

ಠಾಣೆ ಕೊಲ್ಲಿಯ ಪೂರ್ವ ದಂಡೆಯಲ್ಲಿರುವ ಕಳವಾದಲ್ಲಿ ಬಾಡಿಗೆ ಮನೆ ಹಿಡಿಯುವ ಕುಟುಂಬಗಳಿಗೆ ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಪರಿಚಿತವಾದುದು. ಅವಧಿ ಮುಗಿದ ಮೇಲೆ ಕರಾರು ನವೀಕರಣಗೊಂಡರೆ ಕುಟುಂಬವು ಅದೇ ಮನೆಯಲ್ಲಿ ಮುಂದುವರಿಯುತ್ತದೆ. ಇಲ್ಲವಾದರೆ ಬೇರೆ ಮನೆಗೆ ಹೋಗುತ್ತದೆ, ಹಳೆಯ ಮನೆಗೆ ಮತ್ತೊಬ್ಬರು ಬರುತ್ತಾರೆ. ಅಂತರಜಾಲ ಸಂಪರ್ಕಕ್ಕೆ ದೊರೆಯುವ ಐಪಿ ವಿಳಾಸದ ಸ್ಥಿತಿಯೂ ಬಹುಮಟ್ಟಿಗೆ ಇದೇ ಆಗಿದೆ. ಅದು ಗ್ರಾಹಕರ ಸ್ವತ್ತಲ್ಲ. ಸೇವೆ ಒದಗಿಸುವ ಸಂಸ್ಥೆಯು ಒಂದು ಅವಧಿಗೆ ಕೊಟ್ಟ ಎರವಲು. ಇದನ್ನು ಅರಿತವರಿಗೆ ವಿಳಾಸವನ್ನು ಬದಲಾಯಿಸುವ ಕ್ರಮ ಸುಲಭವಾಗುತ್ತದೆ; ಅದರ ಹೆಸರಿನಲ್ಲಿ ವಂಚಕರು ಹುಟ್ಟಿಸುವ ಭಯವೂ ಪೊಳ್ಳೆಂದು ತಿಳಿಯುತ್ತದೆ.

ವಿಳಾಸವೆಂದರೇನು?

ಮಾಹಿತಿಯು ಎಲ್ಲಿಂದ ಬಂದಿತು, ಎಲ್ಲಿಗೆ ತಲುಪಬೇಕು ಎಂಬುದನ್ನು ಸೂಚಿಸುವ ಸಂಖ್ಯೆಯೇ ಐಪಿ ವಿಳಾಸ. ಇದರ ನಾಲ್ಕನೆಯ ಆವೃತ್ತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳಿವೆ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿದಾಗ ಈ ಸಂಖ್ಯೆ ಹೇರಳವೆನಿಸಿತ್ತು. ಆದರೆ 2011ರ ಫೆಬ್ರವರಿ 3ರಂದು ಜಾಗತಿಕ ಭಂಡಾರದ ಕೊನೆಯ ಕಂತುಗಳು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಹಂಚಿಹೋದವು. ಅಪಾರ ಸಂಖ್ಯೆಯ ವಿಳಾಸಗಳಿರುವ ಆರನೆಯ ಆವೃತ್ತಿಯು ಬಳಕೆಗೆ ಬಂದಿದ್ದರೂ ಹಳೆಯ ಪದ್ಧತಿಯೂ ಜೊತೆಯಲ್ಲಿಯೇ ನಡೆದಿದೆ.

ಮನೆಯ ಸಂಪರ್ಕದಲ್ಲಿ ಎರಡು ಬಗೆಯ ವಿಳಾಸಗಳಿರುತ್ತವೆ. ಮೊಬೈಲ್, ಕಂಪ್ಯೂಟರ್ ಮೊದಲಾದವುಗಳಿಗೆ ಮನೆಯ ರೌಟರ್ ಕೊಡುವ, ಸಾಮಾನ್ಯವಾಗಿ 192.168 ಎಂದು ಆರಂಭವಾಗುವ ಒಳವಿಳಾಸವು ವಸತಿ ಸೊಸೈಟಿಯ ಒಳಗಿನ ಮನೆಸಂಖ್ಯೆಯಿದ್ದಂತೆ. ಹೊರಜಗತ್ತಿಗೆ ಕಾಣುವುದು ಸೇವಾಸಂಸ್ಥೆ ಕೊಟ್ಟ ಹೊರವಿಳಾಸ ಮಾತ್ರ. ವಿಳಾಸಗಳ ಕೊರತೆಯಿಂದಾಗಿ ಅನೇಕ ಸಂಸ್ಥೆಗಳು ಹಲವಾರು ಮನೆಗಳಿಗೆ ಒಂದೇ ಹೊರವಿಳಾಸವನ್ನು ಹಂಚುತ್ತವೆ. ರೌಟರಿನ ಪುಟದಲ್ಲಿ ಹೊರಸಂಪರ್ಕದ ವಿಳಾಸವು 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾಗಿದ್ದರೆ ಅಲ್ಲಿ ಇಂಥ ಹಂಚಿಕೆಯಿದೆಯೆಂದು ತಿಳಿಯಬಹುದು.

ಬದಲಾವಣೆ ಯಾವಾಗ ಅಗತ್ಯ?

ಅದೇ ವಿಳಾಸವನ್ನು ಹಿಂದೆ ಬಳಸಿದವರು ಅನಪೇಕ್ಷಿತ ಅಂಚೆಗಳನ್ನು ಕಳುಹಿಸಿದ್ದರೆ ಕೆಲವು ಜಾಲತಾಣಗಳು ಹೊಸ ಬಳಕೆದಾರರನ್ನೂ ತಡೆಯುತ್ತವೆ. ಹಿಂದಿನ ಬಾಡಿಗೆದಾರನ ಸಾಲವನ್ನು ಇಂದಿನವನಲ್ಲಿ ಕೇಳಿದಂತೆ. ಇಂಥ ಸಂದರ್ಭದಲ್ಲಿ ಬದಲಾವಣೆಯಿಂದ ಪ್ರಯೋಜನವಿದೆ. ಸಂಪರ್ಕದ ವೇಗವು ಕಡಿಮೆಯಾಗಿದ್ದರೆ ಇದರಿಂದ ಸಾಮಾನ್ಯವಾಗಿ ಪ್ರಯೋಜನವಾಗದು.

ಬದಲಾಯಿಸುವ ಕ್ರಮ

1. ಐಪಿ ವಿಳಾಸವನ್ನು ತೋರಿಸುವ ಯಾವುದಾದರೂ ಜಾಲತಾಣವನ್ನು ತೆರೆದು ಈಗಿನ ಹೊರವಿಳಾಸವನ್ನು ಬರೆದಿಟ್ಟುಕೊಳ್ಳಬೇಕು.

2. ರೌಟರ್ ಹಾಗೂ ಮೋಡೆಮ್‌ಗಳ ವಿದ್ಯುತ್ ಸಂಪರ್ಕವನ್ನು ತೆಗೆದು, ಕೆಲವು ನಿಮಿಷಗಳ ಬಳಿಕ ಮತ್ತೆ ಆರಂಭಿಸಿ, ವಿಳಾಸವನ್ನು ಹೋಲಿಸಿ ನೋಡಬೇಕು. ವಿಳಾಸದ ಅವಧಿ ಮುಗಿಯದಿದ್ದಲ್ಲಿ ಹಳೆಯದೇ ಮರಳಿ ದೊರೆಯಬಹುದು. ಆಗ ರಾತ್ರಿಯಿಡೀ ಆರಿಸಿಟ್ಟು ನೋಡಬಹುದು.

3. ಆಗಲೂ ಬದಲಾಗದಿದ್ದರೆ ಸೇವಾಸಂಸ್ಥೆಯ ಗ್ರಾಹಕ ಕೇಂದ್ರದಲ್ಲಿ ಕೋರಿಕೆ ಸಲ್ಲಿಸಬೇಕು. ಎಂದಿಗೂ ಬದಲಾಗದ ಸ್ಥಿರ ವಿಳಾಸ ಬೇಕಾದವರಿಗೆ ಅನೇಕ ಸಂಸ್ಥೆಗಳು ಹೆಚ್ಚುವರಿ ಶುಲ್ಕಕ್ಕೆ ಅದನ್ನು ಒದಗಿಸುತ್ತವೆ.

ರೌಟರಿನ ಹಿಂಬದಿಯ ಸಣ್ಣ ರಂಧ್ರದೊಳಗಿನ ‘ರಿಸೆಟ್’ ಗುಂಡಿಯನ್ನು ಇದಕ್ಕಾಗಿ ಒತ್ತಬಾರದು. ಒತ್ತಿದಲ್ಲಿ ಸಂಪರ್ಕದ ಬಳಕೆದಾರ ನಾಮ, ಗುಪ್ತಪದ ಮೊದಲಾದ ವಿವರಗಳು ಅಳಿಸಿಹೋಗಿ ಸೇವೆಯೇ ನಿಂತುಹೋಗಬಹುದು. ಒಳವಿಳಾಸವನ್ನು ಬದಲಾಯಿಸಿದರೆ ಹೊರವಿಳಾಸ ಬದಲಾಗದು ಎಂಬುದನ್ನೂ ಗಮನಿಸತಕ್ಕದ್ದು.

ಬದಲಾವಣೆಯಿಂದ ಆಗದಿರುವುದು

ಹೊಸ ವಿಳಾಸವು ಯಾರನ್ನೂ ಅದೃಶ್ಯರನ್ನಾಗಿಸುವುದಿಲ್ಲ. ಯಾವ ವಿಳಾಸವು ಯಾವ ಹೊತ್ತಿನಲ್ಲಿ ಯಾವ ಗ್ರಾಹಕರಲ್ಲಿತ್ತು ಎಂಬ ದಾಖಲೆ ಸೇವಾಸಂಸ್ಥೆಯಲ್ಲಿ ಇರುತ್ತದೆ. ಇಂಥ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಕಾಪಾಡಬೇಕೆಂದು ದೂರಸಂಪರ್ಕ ಇಲಾಖೆಯು 2021ರ ಡಿಸೆಂಬರ್‌ನಲ್ಲಿ ಪರವಾನಗಿಯ ಷರತ್ತುಗಳನ್ನು ತಿದ್ದುಪಡಿ ಮಾಡಿತು.

ಇದೇ ದಾಖಲೆಯು ನಿರಪರಾಧಿಗೆ ರಕ್ಷಣೆಯೂ ಆಗಿದೆ. ಒಂದು ವಿಳಾಸದ ಹಿಂದೆ ಹಲವು ಮನೆಗಳಿರಬಹುದಾದುದರಿಂದ, ಸಮಯವೇ ಮೊದಲಾದ ವಿವರಗಳಿಲ್ಲದೆ ಬರಿಯ ಸಂಖ್ಯೆಯು ವ್ಯಕ್ತಿಯನ್ನು ಗುರುತಿಸಲಾರದು. ಹೀಗಿರುವಾಗ, ಪೊಲೀಸ್ ಅಧಿಕಾರಿಯೆಂದು ಹೇಳಿಕೊಂಡು ದೂರವಾಣಿಯಲ್ಲಿ “ನಿಮ್ಮ ಐಪಿ ವಿಳಾಸದಿಂದ ಅಪರಾಧ ನಡೆದಿದೆ, ನಿಮ್ಮನ್ನು ಬಂಧಿಸಲಾಗಿದೆ, ಹಣ ಕಳುಹಿಸಿ” ಎಂದು ಬೆದರಿಸುವವರನ್ನು ನಂಬಲಾಗದು. ‘ಡಿಜಿಟಲ್ ಅರೆಸ್ಟ್’ ಎಂಬ ಬಂಧನವು ಭಾರತದ ಕಾನೂನಿನಲ್ಲಿಲ್ಲ. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಇದನ್ನು ಮುಂಚಿತವಾಗಿಯೇ ತಿಳಿಸಿಡುವುದು ಅಗತ್ಯ. ಇಂಥ ಕರೆ ಬಂದಲ್ಲಿ ಅದನ್ನು ಕಡಿದು ಮನೆಯವರಿಗೆ ತಿಳಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ನೀಡಬೇಕು.

ಮನೆಯ ಸಂಪರ್ಕವು ದುರುಪಯೋಗವಾಗದಂತೆ ತಡೆಯಲು ವಿಳಾಸಕ್ಕಿಂತ ವೈಫೈ ಗುಪ್ತಪದವನ್ನು ಬದಲಾಯಿಸುವುದು ಮುಖ್ಯ. ವಿಳಾಸವು ಎರವಲಿನದು, ವಿದ್ಯುತ್ ಹೋಗಿ ಬಂದರೂ ಬದಲಾಗಬಹುದು. ಗುಪ್ತಪದವಾದರೋ ಮನೆಯ ಬೀಗದ ಕೈಯಂತೆ ಮನೆಯವರ ವಶದಲ್ಲಿಯೇ ಇರತಕ್ಕದ್ದು.