ಯೀಸ್ಟಿನ ಪೊರೆಯ ಕೊಬ್ಬೂ ಹೆಪ್ಪುಗಟ್ಟಿಸುವ ಶೀತವೂ

ಪುಷ್ಯ ಮಾಸದ ಬೆಳಗಿನ ಚಳಿಗೆ ಗೇರುಸೊಪ್ಪೆಯ ಮನೆಗಳಲ್ಲಿ ಶೀಸೆಯೊಳಗಿನ ತೆಂಗಿನೆಣ್ಣೆಯು ಬೆಣ್ಣೆಯಂತೆ ಗಟ್ಟಿಯಾಗುವುದು. ಪಕ್ಕದ ಎಳ್ಳೆಣ್ಣೆಯಾದರೋ ಎಂದಿನಂತೆ ಸುರಿಯುವುದು. ಇದಕ್ಕೆ ಕಾರಣವಿಷ್ಟೆ. ತೆಂಗಿನೆಣ್ಣೆಯ ಬಹುಭಾಗವು ಸಂತೃಪ್ತವಾದ ಕೊಬ್ಬಿನಾಮ್ಲಗಳಿಂದಾದುದು. ಅವುಗಳ ಅಣುಗಳು ನೆಟ್ಟಗಿರುವುದರಿಂದ ಒತ್ತಾಗಿ ಕೂಡಿ, ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಹೆಪ್ಪುಗಟ್ಟುವುವು. ಎಳ್ಳೆಣ್ಣೆಯಲ್ಲಿ ಹೇರಳವಾಗಿರುವ ಅಸಂತೃಪ್ತ ಆಮ್ಲಗಳ ಅಣುಗಳು ನಡುವೆ ಬಾಗಿರುವುದರಿಂದ ಹಾಗೆ ಕೂಡಲಾರವು.

ತೆಂಗಿನ ಮರದ ರಸವನ್ನು ಹುದುಗಿಸುವ, ರೊಟ್ಟಿಯ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗೂ ಇದೇ ನಿಯಮವು ಅನ್ವಯಿಸುವುದು. ಅದರ ಕೋಶವನ್ನು ಆವರಿಸಿರುವ ಪೊರೆಯು ಮುಖ್ಯವಾಗಿ ಎರಡು ಪದರ ಕೊಬ್ಬಿನಿಂದಾದುದು. ಹೊರಗಿನ ನೀರು ಮಂಜುಗಡ್ಡೆಯಾದಾಗ ಕೋಶದೊಳಗಿನ ನೀರು ಹೊರಕ್ಕೆ ಸೆಳೆಯಲ್ಪಟ್ಟು ಕೋಶವು ಕುಗ್ಗುವುದು. ಕರಗಿದಾಗ ಮರಳಿ ಹಿಗ್ಗುವುದು. ಪೊರೆಯು ಬಿರುಸಾಗಿದ್ದರೆ ಈ ಕುಗ್ಗು-ಹಿಗ್ಗುಗಳಲ್ಲಿ ಹರಿದು ಜೀವಿಯು ಸಾಯುವುದು.

ಶೀತವು ತಾಗಿದಾಗ ಯೀಸ್ಟ್ ತನ್ನ ಪೊರೆಯಲ್ಲಿ ಅಸಂತೃಪ್ತ ಆಮ್ಲಗಳನ್ನು ಹೆಚ್ಚಿಸಿಕೊಳ್ಳುವುದು. ಈ ಕಾರ್ಯಕ್ಕೆ ಆಮ್ಲಜನಕವು ಅವಶ್ಯಕ. 2007ರಲ್ಲಿ ಸ್ಪೇನ್ ದೇಶದ ವಿಜ್ಞಾನಿಗಳು ಸೂರ್ಯಕಾಂತಿಯ ಎರಡು ಜೀನುಗಳನ್ನು ಯೀಸ್ಟಿಗೆ ಸೇರಿಸಿ ಪೊರೆಯನ್ನು ಇನ್ನಷ್ಟು ಮೃದುಗೊಳಿಸಲು, ಅದು ಹೆಪ್ಪುಗಟ್ಟುವಿಕೆಯನ್ನೂ ಉಪ್ಪಿನ ಬಾಧೆಯನ್ನೂ ಮೊದಲಿಗಿಂತ ಚೆನ್ನಾಗಿ ಸಹಿಸಿತು. ಕೊಬ್ಬೊಂದೇ ರಕ್ಷಕವೆಂದು ತಿಳಿಯತಕ್ಕದ್ದಲ್ಲ. ಕೋಶದೊಳಗಿನ ಟ್ರೆಹಲೋಸ್ ಎಂಬ ಸಕ್ಕರೆಯೂ ನೆರವಾಗುವುದು.

ಗ್ರಾಮಗಳಲ್ಲಿ ರೊಟ್ಟಿ, ಪಾವುಗಳ ಗೃಹೋದ್ಯಮವನ್ನು ನಡೆಸುವವರು ಇದರಿಂದ ಗ್ರಹಿಸತಕ್ಕ ಅಂಶಗಳಿವು:

1. ಹಸಿ ಯೀಸ್ಟನ್ನು ಸುಮಾರು 4 ಡಿಗ್ರಿಯ ತಂಪಿನಲ್ಲಿಡಬೇಕು, ಮಂಜುಗಡ್ಡೆಯ ಖಾನೆಯಲ್ಲಿಡಬಾರದು.

2. ಹುದುಗಲಾರಂಭಿಸಿದ ಯೀಸ್ಟಿಗೆ ಶೀತವನ್ನು ತಾಳುವ ಶಕ್ತಿಯು ಕುಂದುವುದು. ಆದಕಾರಣ ಹಿಟ್ಟನ್ನು ಹೆಪ್ಪುಗಟ್ಟಿಸಿ ಇಡುವುದಾದರೆ ನಾದಿದೊಡನೆಯೇ ಇಡಬೇಕು.

3. ಮಳೆಗಾಲದಲ್ಲಿ ವಿದ್ಯುತ್ತು ಪದೇ ಪದೇ ತಪ್ಪಿದರೆ ಹಿಟ್ಟು ಕರಗಿ ಮತ್ತೆ ಹೆಪ್ಪುಗಟ್ಟುವುದು; ಪ್ರತಿ ಸಲವೂ ಯೀಸ್ಟಿನ ಒಂದು ಪಾಲು ನಾಶವಾಗುವುದು. ಅಂಥ ಹಿಟ್ಟಿನಲ್ಲಿ ಒಂದು ಹಿಡಿಯನ್ನು ಮೊದಲು ಬೆಚ್ಚಗಿಟ್ಟು, ಅದು ಉಬ್ಬಿದರೆ ಮಾತ್ರ ಉಳಿದುದನ್ನು ಬೇಯಿಸುವುದು ಲೇಸು.

ಉಬ್ಬದ ಹಿಟ್ಟಿನೊಡನೆ ಒಂದು ದಿನದ ದುಡಿಮೆಯೂ ಸೌದೆಯೂ ನಷ್ಟವಾಗುವುದರಿಂದ, ಗ್ರಾಮದ ಮುಖಂಡರು ಈ ವಿಷಯವನ್ನು ಅಂಥ ಕುಟುಂಬಗಳಿಗೆ ಬೇಸಗೆಯಲ್ಲಿಯೇ ತಿಳಿಯಪಡಿಸುವುದು ಶ್ರೇಯಸ್ಕರ.