ಪುಕ್ಕಟೆ ವಿಂಡೋಸ್‌ಗೆ ಖರ್ಚೆಷ್ಟು?

ಜೇವರ್ಗಿಯಲ್ಲಿ ನನ್ನದೊಂದು ಟೈಪಿಂಗ್, ಝೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುವುದು, ಬಾಂಡ್ ಟೈಪಿಂಗ್, ಬೆಳೆ ವಿಮೆ ಮತ್ತು ವಿದ್ಯಾರ್ಥಿವೇತನದ ಅರ್ಜಿ ತುಂಬುವುದು ನಮ್ಮ ಕೆಲಸ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ಮುಗಿಯಿತು. ಅಂದಿನಿಂದ ಅಂಗಡಿಗೆ ಬರುವ ಹುಡುಗರದು ಒಂದೇ ಮಾತು: "ಕಾಕಾ, ನಮ್ ಲ್ಯಾಪ್‌ಟಾಪ್ ಬಂದ್ ಬೀಳ್ತದೇನ್ರಿ? ಹೊಸಾದ್ ತಗೋಬೇಕೇನ್ರಿ?"

ಬಂದ್ ಬೀಳುವುದಿಲ್ಲ. ಸಿಸ್ಟಮ್ ಎಂದಿನಂತೆ ನಡೆಯುತ್ತದೆ. ಮುಖ್ಯವಾಗಿ ನಿಂತದ್ದು ಕಳ್ಳಗಂಡಿ ಮುಚ್ಚುವ ಭದ್ರತಾ ಅಪ್‌ಡೇಟ್. ಸಿನಿಮಾ ನೋಡುವ ಲ್ಯಾಪ್‌ಟಾಪಿಗೆ ಇದು ಅಷ್ಟು ಅವಸರದ ಮಾತಲ್ಲ. ನನ್ನ ಕೌಂಟರಿಗೆ ಮಾತ್ರ ಬಹಳ ದೊಡ್ಡ ಮಾತು. ರೈತರ ಆಧಾರ್, ಪಾಸ್‌ಬುಕ್, ರೈತ ಗುರುತಿನ ಎಫ್‌ಐಡಿ ಸಂಖ್ಯೆ ಎಲ್ಲವೂ ಅದರ ಮೂಲಕ ಹಾದುಹೋಗುತ್ತವೆ. ನಂಬಿ ಕೊಟ್ಟವರ ಕಾಗದ ಕಾಯುವುದು ನನ್ನ ಧರ್ಮ. ಹಾಗಾಗಿ ಬದಲಾಯಿಸಲೇಬೇಕು. ಪ್ರಶ್ನೆ ಇರುವುದು ಎಷ್ಟು ಖರ್ಚಿನಲ್ಲಿ, ಯಾವಾಗ ಎಂಬುದರಲ್ಲಿ.

ಅಸಲಿ ವಿಂಡೋಸ್ 10 ಇದ್ದವರಿಗೆ 11 ಪುಕ್ಕಟೆ. ಖರ್ಚು ಹುಟ್ಟುವುದು ಅದು ಕೇಳುವ ಯಂತ್ರದಿಂದ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ಮುಂದಿನ ಪ್ರೊಸೆಸರ್ ಬೇಕು. ಪ್ರೊಸೆಸರಿನ ಹೆಸರು ಐ5-8250ಯು ಎಂದಿದ್ದರೆ ಗೆರೆಯ ಮುಂದಿನ 8 ಎಂಬುದೇ ತಲೆಮಾರು. ಐ5-6500 ಎಂದರೆ 6ನೆಯದು, ನಡೆಯದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದರ ಕೇಳುವ ಮೊದಲು ಈ ಅಂಕಿ ನೋಡಲಿ.

ನನ್ನ ಕೌಂಟರಿನ ಸಿಸ್ಟಮ್ 8ನೇ ತಲೆಮಾರಿನದು. ಆದರೂ 11 ಹೊಂದುತ್ತದೆಯೇ ಎಂದು ನೋಡುವ ಪರೀಕ್ಷೆಯಲ್ಲಿ "ಟಿಪಿಎಂ ಇಲ್ಲ" ಎಂದು ತೋರಿಸಿತು. ಕಲಬುರಗಿಯ ಒಬ್ಬ ವ್ಯಾಪಾರಿ ಹೊಸದನ್ನೇ ಒಯ್ಯಿರಿ ಎಂದರು. ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯೋಸ್ ತೆರೆದು ನೋಡಿದರೆ ಇಂಟೆಲ್ ಪಿಟಿಟಿ ಎಂಬ ಆಯ್ಕೆ ಆಫ್ ಆಗಿತ್ತು, ಅಷ್ಟೆ. ಆನ್ ಮಾಡಿದೆ, ಪರೀಕ್ಷೆ ಪಾಸಾಯಿತು. ಎಎಂಡಿ ಯಂತ್ರಗಳಲ್ಲಿ ಇದನ್ನೇ ಎಫ್‌ಟಿಪಿಎಂ ಎನ್ನುತ್ತಾರೆ. ನಲವತ್ತು ಸಾವಿರ ಬಿಚ್ಚುವ ಮೊದಲು ಈ ಒಂದು ಆಯ್ಕೆ ನೋಡಿಕೊಳ್ಳಿ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ದಷ್ಟೇ ನನಗೆ ಬಿದ್ದ ಖರ್ಚು.

8ನೇ ತಲೆಮಾರಿಗಿಂತ ಹಿಂದಿನ ಯಂತ್ರ ಇದ್ದವರಿಗೂ ದಾರಿ ಇದೆ. ಮನೆಬಳಕೆಯ ಲ್ಯಾಪ್‌ಟಾಪಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಅದರ ದರ 30 ಡಾಲರ್. ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡಿದರೆ ದುಡ್ಡಿಲ್ಲ. ಇದು ವ್ಯಾಪಾರಕ್ಕೆ ಬಳಸುವ ಯಂತ್ರಗಳಿಗೆ ಅನ್ವಯಿಸುವುದಿಲ್ಲ. ಅವಕ್ಕೆ ಮೊದಲ ವರ್ಷ 61 ಡಾಲರ್, ಎರಡನೇ ವರ್ಷ 122, ಮೂರನೇ ವರ್ಷ 244. ಒಟ್ಟು 427 ಡಾಲರ್ ಎಂದರೆ ಮೂವತ್ತೈದು ಸಾವಿರ ರೂಪಾಯಿಗೂ ಮೇಲೆ. ಹಳೆಯ ಯಂತ್ರಕ್ಕೆ ಅಷ್ಟು ಸುರಿಯುವುದಕ್ಕಿಂತ ಅದೇ ದುಡ್ಡನ್ನು ಹೊಸದಕ್ಕೆ ಹಾಕುವುದು ಮೇಲು.

ಮೂರನೇ ದಾರಿ ಲಿನಕ್ಸ್. ಓದುವ ಮಕ್ಕಳ ಹಳೆಯ ಲ್ಯಾಪ್‌ಟಾಪಿಗೆ ನಾನು ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ. ತಂತ್ರಾಂಶ ಪುಕ್ಕಟೆ, ಯುನಿಕೋಡ್ ಕನ್ನಡ ಚೆನ್ನಾಗಿ ಮೂಡುತ್ತದೆ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸಿನಲ್ಲೇ ಪಾಠ ನಡೆಸುತ್ತಿವೆ, ಕಾಸರಗೋಡಿನ ನಮ್ಮ ಕನ್ನಡ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಆದರೆ ಬೆರಳ ಗುರುತು ಓದುವ ಯಂತ್ರ ಜೋಡಿಸುವ ಕೌಂಟರಿಗೆ ಇದು ಹೊಂದುವುದು ಕಷ್ಟ. ಹೆಚ್ಚಿನವುಗಳ ಡ್ರೈವರ್ ವಿಂಡೋಸಿಗೆಂದೇ ಮಾಡಿದ್ದು.

ನಮ್ಮ ಕಡೆಯ ಟೈಪಿಂಗ್ ಅಂಗಡಿಗಳಿಗೆ ಇನ್ನೊಂದು ಗುಪ್ತ ಖರ್ಚಿದೆ. ವರ್ಷಗಟ್ಟಲೆ ಮಾಡಿದ ಕರಾರುಪತ್ರ, ಹಿಸ್ಸಾಪತ್ರಗಳ ನಮೂನೆಗಳೆಲ್ಲ ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿವೆ. ವಿಂಡೋಸ್ 10ರ ಮೇಲೆಯೇ 11 ಏರಿಸಿದರೆ ಫಾಂಟ್ ಉಳಿಯುತ್ತವೆ. ಡಿಸ್ಕ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿದರೆ ಫಾಂಟ್ ಹೋಗಿ, ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ. ಅದಕ್ಕೇ ಮೊದಲು ಎಲ್ಲ ಫೈಲುಗಳನ್ನೂ ಫಾಂಟುಗಳನ್ನೂ ಹೊರಗಿನ ಡಿಸ್ಕಿಗೆ ತೆಗೆದಿಟ್ಟೆ. ದಿನಾ ಬೇಕಾಗುವ ನಮೂನೆಗಳನ್ನು ಯುನಿಕೋಡಿಗೆ ಬದಲಿಸಿಕೊಂಡೆ. ಇದಕ್ಕೆ ದುಡ್ಡು ಬೇಕಿಲ್ಲ, ಸಂಜೆಗಳು ಬೇಕು. ಆ ಸಂಜೆಗಳನ್ನೂ ಖರ್ಚಿನ ಪಟ್ಟಿಗೆ ಬರೆಯಿರಿ.

ಹೊಸದು ಕೊಳ್ಳಲೇಬೇಕಾದವರು ಬೆಲೆಯನ್ನು ತಿಂಗಳಿಗೆ ಇಳಿಸಿ ನೋಡಿ. 42,000 ರೂಪಾಯಿಯ ಲ್ಯಾಪ್‌ಟಾಪ್ ಐದು ವರ್ಷ ಬಾಳಿದರೆ ತಿಂಗಳಿಗೆ 700 ರೂಪಾಯಿ. ಆ ಯಂತ್ರ ಅಷ್ಟು ದುಡಿದುಕೊಡುವುದೇ? "ಬಡ್ಡಿ ಇಲ್ಲದ ಇಎಂಐ" ಎಂದರೂ ಪ್ರೊಸೆಸಿಂಗ್ ಶುಲ್ಕ ಮತ್ತು ಬಡ್ಡಿಯ ಭಾಗದ ಮೇಲಿನ ಜಿಎಸ್‌ಟಿ ಬೀಳಬಹುದು, ನಗದಿಗೆ ಸಿಗುವ ರಿಯಾಯಿತಿ ತಪ್ಪಬಹುದು. "ತೆರಿಗೆ ಉಳೀತದ್ರಿ" ಎಂಬ ಮಾತೂ ಕೇಳುತ್ತೀರಿ. ಲೆಕ್ಕಪುಸ್ತಕ ಇಡುವವರಿಗೆ ಕಂಪ್ಯೂಟರಿನ ಮೇಲೆ ಶೇ 40 ಸವಕಳಿ ಇರುವುದು ನಿಜ. ಆದರೆ ಆದಾಯ ತೆರಿಗೆಯಲ್ಲಿ ಅಂದಾಜು ಲಾಭ ತೋರಿಸುವ ನನ್ನಂಥ ಸಣ್ಣ ಅಂಗಡಿಯವರಿಗೆ ಸವಕಳಿ ಬೇರೆಯಾಗಿ ಸಿಗದು.

ಎಲ್ಲಕ್ಕಿಂತ ದುಬಾರಿ, ಅಂಗಡಿ ನಿಲ್ಲುವ ದಿನ. ಜುಲೈನಲ್ಲಿ ತೊಗರಿಗೆ ಬೆಳೆ ವಿಮೆ ತುಂಬಲು ರೈತರು ಸಾಲುಗಟ್ಟಿ ನಿಲ್ಲುತ್ತಾರೆ. ಆಗ ಸಿಸ್ಟಮ್ ಕೈಕೊಟ್ಟರೆ ನನಗೆ ದಿನದ ಗಳಿಕೆ ಹೋಗುತ್ತದೆ, ಕೊನೆಯ ದಿನಾಂಕ ತಪ್ಪಿದ ರೈತನಿಗೆ ಇಡೀ ಹಂಗಾಮಿನ ರಕ್ಷಣೆಯೇ ಹೋಗುತ್ತದೆ. ಹಾಗಾಗಿ 11 ಏರಿಸಲು ನಾನು ಎಳ್ಳ ಅಮಾವಾಸ್ಯೆ ಆರಿಸಿಕೊಂಡೆ. ಅಂದು ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ, ಕೌಂಟರಿಗೆ ಯಾರೂ ಬರುವುದಿಲ್ಲ. ಡೌನ್‌ಲೋಡ್‌ಗೆ ಹಚ್ಚಿ ನಾವೂ ಹೊಲಕ್ಕೆ ಹೋದೆವು, ಸಂಜೆ ಬಂದು ಉಳಿದದ್ದು ಮುಗಿಸಿದೆ. ಹೊಂದದಿದ್ದರೆ 10 ದಿನದೊಳಗೆ ಹಳೆಯ ವಿಂಡೋಸಿಗೆ ಮರಳುವ ಅವಕಾಶವಿದೆ. ಆ ಅವಧಿಯಲ್ಲೇ ಪ್ರಿಂಟರ್, ಸ್ಕ್ಯಾನರ್, ಬೆರಳ ಗುರುತಿನ ಯಂತ್ರ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ.

ಆ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಮೊದಲು ಬ್ಯಾಕಪ್, ಆಮೇಲೆ ತಲೆಮಾರಿನ ಅಂಕಿ ಮತ್ತು ಬಯೋಸ್, ಕಟ್ಟಕಡೆಗೆ ಕಿಸೆ. ಹೆದರಿಸಿದವರ ಮಾತಿಗೆ ಸಾಲ ಮಾಡಬೇಡಿ. ನಿಮ್ಮ ಯಂತ್ರ ಯಾವ ಕೆಲಸ ಮಾಡುತ್ತದೆ, ಯಾರ ಕಾಗದ ಕಾಯುತ್ತದೆ ಎಂದು ನೋಡಿ ಅಷ್ಟಕ್ಕೆ ತಕ್ಕ ಖರ್ಚು ಮಾಡಿ.